ಸೆಫಿಕ್ಸಿಮ್ ಕಡಲ ಬೂಷ್ಟಿನಿಂದ ಬಂದದ್ದಾ?

ಪ್ರಶ್ನೆ (ಶಹಾಬಾದ್): ನಮಸ್ಕಾರ್ರಿ ಮೇಡಂ. ಮಗಳಿಗೆ ಟೈಫಾಯ್ಡ್ ಆಗಿದೆ, ಡಾಕ್ಟರು ಸೆಫಿಕ್ಸಿಮ್ ಬರೆದುಕೊಟ್ಟಿದ್ದಾರೆ. ಇದು ಸಮುದ್ರದ ಬೂಷ್ಟಿನಿಂದ ಮಾಡಿದ್ದು ಅಂತ ತಮ್ಮ ಹೇಳುತ್ತಾನೆ. ನಿಜಾನಾ? ಹಾಗಾದರೆ ರೊಟ್ಟಿ ಮೇಲೆ ಬರುವ ಬೂಷ್ಟಿನಲ್ಲೂ ಔಷಧ ಇರಬೇಕಲ್ವಾ?

ಉತ್ತರ (ಕಲಬುರಗಿ, ಕಾಲೇಜಿನಲ್ಲಿ ಮೈಕ್ರೋಬಯಾಲಜಿ ಕಲಿಸುತ್ತೇನೆ): ತಮ್ಮ ಹೇಳಿದ್ದು ಮುಕ್ಕಾಲು ನಿಜ ಅಕ್ಕಾ. 1945ರಲ್ಲಿ ಇಟಲಿಯ ಸಾರ್ಡೀನಿಯಾ ದ್ವೀಪದಲ್ಲಿ ಜುಸೆಪ್ಪೆ ಬ್ರೋಟ್ಸು ಎಂಬ ವೈದ್ಯ ಚರಂಡಿ ನೀರು ಕಡಲಿಗೆ ಸೇರುವ ಜಾಗದಿಂದ ನೀರು ತಂದು ನೋಡಿದರು. ಅಷ್ಟು ಹೊಲಸು ನೀರು ತಾನಾಗಿ ಹೇಗೆ ಶುದ್ಧವಾಗುತ್ತದೆ ಅನ್ನುವುದು ಅವರ ಕುತೂಹಲ. ಅಲ್ಲಿ ಸಿಕ್ಕ ಶಿಲೀಂಧ್ರದ, ಅಂದರೆ ಬೂಷ್ಟಿನ, ರಸ ಟೈಫಾಯ್ಡ್ ರೋಗಾಣುವನ್ನೂ ತಡೆಯಿತು. ನಿಮ್ಮ ಮಗಳ ಜ್ವರವೇ ನೋಡಿ!

ಆದರೆ ಆ ಶಿಲೀಂಧ್ರ ಕಡಲಲ್ಲೇ ಹುಟ್ಟಿದ್ದೋ ಚರಂಡಿಯಿಂದ ಬಂದದ್ದೋ ಎಂದು ನನ್ನನ್ನು ಕೇಳಿದರೆ, ಚರಂಡಿಯನ್ನು ಮರೆಯಬೇಡಿ ಅಂತೀನಿ. ಇಂಗ್ಲೆಂಡಿನ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದವರು ಆ ರಸದಿಂದ ಸೆಫಲೋಸ್ಪೋರಿನ್ ಸಿ ಎಂಬ ಬ್ಯಾಕ್ಟೀರಿಯಾ ತಡೆಯುವ ವಸ್ತುವನ್ನು ಬೇರ್ಪಡಿಸಿದರು. ಪೆನಿಸಿಲಿನ್ ಅನ್ನು ಒಡೆದು ಹಾಕಲು ಕೆಲವು ಬ್ಯಾಕ್ಟೀರಿಯಾ ಮಾಡುವ ಕಿಣ್ವಕ್ಕೆ ಅದು ಬಗ್ಗಲಿಲ್ಲ. ಶಕ್ತಿ ಮಾತ್ರ ಕಡಿಮೆ. ಅದರ ತಿರುಳನ್ನು ಇಟ್ಟುಕೊಂಡು, ಪಕ್ಕದ ಕೊಂಡಿಗಳನ್ನು ಬದಲಿಸಿ, ಬೇರೆ ಬೇರೆ ಔಷಧ ಮಾಡಿದರು. ಸೆಫಿಕ್ಸಿಮ್ ಆ ಮನೆತನದ್ದು. ಬ್ಯಾಕ್ಟೀರಿಯಾ ತನ್ನ ಸುತ್ತ ಗೋಡೆ ಕಟ್ಟಿಕೊಳ್ಳುವುದನ್ನು ಈ ಔಷಧ ತಡೆಯುತ್ತದೆ. ನಮ್ಮ ಜೀವಕೋಶಕ್ಕೆ ಆ ಗೋಡೆಯೇ ಇಲ್ಲ.

ರೊಟ್ಟಿ ಬೂಷ್ಟು ಸುಮ್ನೆ ತಿಪ್ಪೆಗೆ ಹಾಕಿ. ಅದರಲ್ಲಿ ವಿಷವೂ ಇರಬಹುದು, ಎಷ್ಟಿದೆ ಅಂತ ಕಣ್ಣಿಗೆ ಕಾಣದು.

ಪ್ರಶ್ನೆ (ಬಿಎಸ್ಸಿ ವಿದ್ಯಾರ್ಥಿ, ಯಾದಗಿರಿ): ಮೇಡಂ, ಕಡಲ ಶಿಲೀಂಧ್ರದಿಂದ ಹೊಸ ಔಷಧ ಜಾಸ್ತಿ ಯಾಕೆ ಬರುತ್ತಿಲ್ಲ?

ಉತ್ತರ: ತಟ್ಟೆಯಲ್ಲಿ ಬ್ಯಾಕ್ಟೀರಿಯಾ ಬೆಳೆಸಿ, ಶಿಲೀಂಧ್ರದ ರಸ ಹಚ್ಚಿದ ಕಾಗದದ ಬಿಲ್ಲೆ ಇಟ್ಟರೆ, ರಸಕ್ಕೆ ಶಕ್ತಿ ಇದ್ದಲ್ಲಿ ಸುತ್ತ ಬ್ಯಾಕ್ಟೀರಿಯಾ ಬೆಳೆಯದ ಖಾಲಿ ಉಂಗುರ ಮೂಡುತ್ತದೆ. ಅಷ್ಟಕ್ಕೇ ಕುಣಿಯಬೇಡ ತಮ್ಮಾ. ಆ ಸಂಯುಕ್ತ ನಮ್ಮ ಜೀವಕೋಶವನ್ನೂ ಕೊಲ್ಲಬಹುದು. ಇನ್ನೊಂದು ಪೇಚು: ಉಪ್ಪು, ಊಟ ಬದಲಾದರೆ ಅದೇ ಶಿಲೀಂಧ್ರ ಬೇರೆಯದನ್ನೇ ಮಾಡುತ್ತದೆ, ಕೆಲವೊಮ್ಮೆ ಏನೂ ಮಾಡುವುದಿಲ್ಲ. ಕಡಲಿಲ್ಲ ಅಂತ ಬೇಜಾರು ಬೇಡ, ತೊಗರಿ ಹೊಲದ ಮಣ್ಣಿನಿಂದಲೇ ಶುರು ಮಾಡು. ಕ್ಷಯರೋಗದ ಔಷಧ ಸ್ಟ್ರೆಪ್ಟೋಮೈಸಿನ್ ಸಿಕ್ಕಿದ್ದು ಮಣ್ಣಿನ ಜೀವಿಯಿಂದಲೇ.

ಪ್ರಶ್ನೆ (ಶಹಾಬಾದ್): ಜ್ವರ ಇಳಿದಿದೆ, ಉಳಿದ ಮಾತ್ರೆ ತೆಗೆದಿಡಲೇ?

ಉತ್ತರ: ಬೇಡ ಅಕ್ಕಾ. ಡಾಕ್ಟರು ಹೇಳಿದಷ್ಟು ದಿನ ಕೊಡಿ. ಅವಳಿಗೆ ಹಿಂದೆ ಪೆನಿಸಿಲಿನ್ ಅಲರ್ಜಿ ಆಗಿದ್ದರೆ ಇವತ್ತೇ ಅವರಿಗೆ ಫೋನ್ ಮಾಡಿ ತಿಳಿಸಿ.