‘ರೆಫರಲ್’ಗೆ ಕನ್ನಡದಲ್ಲಿ ಏನು? ನಾಳೆ ಬೋರ್ಡು ಬರೆಸಬೇಕು

ನಮಸ್ಕಾರ. ನಾಳೆ ಬೆಳಿಗ್ಗೆ 10ಕ್ಕೆ ಪೇಂಟರ್ ಬರುತ್ತಾನೆ, ಒಂದು ಪದ ಬೇಕು. ಇಸಿಎಚ್‌ಎಸ್, ಅಂದರೆ ಮಾಜಿ ಸೈನಿಕರ ಆರೋಗ್ಯ ಯೋಜನೆಯ ಪಾಲಿಕ್ಲಿನಿಕ್ ಒಂದರ ಬೋರ್ಡಿಗೆ. 2003ರ ಏಪ್ರಿಲ್‌ನಲ್ಲಿ ಶುರುವಾದ ಯೋಜನೆ ಇದು, ಒಂದೇ ಸಲ ವಂತಿಗೆ ಕಟ್ಟಿದರೆ ಗಂಡ ಹೆಂಡತಿ ಇಬ್ಬರಿಗೂ ಕೊನೆತನಕ ಚಿಕಿತ್ಸೆ. ಸಾಮಾನ್ಯವಾಗಿ ಮೊದಲು ಪಾಲಿಕ್ಲಿನಿಕ್ಕಿನ ಡಾಕ್ಟರು ನೋಡಬೇಕು, ಅಲ್ಲಿ ಆಗದ್ದಾದರೆ ರೆಫರಲ್ ಬರೆದುಕೊಡುತ್ತಾರೆ, ಅದನ್ನು ಹಿಡಿದುಕೊಂಡು ಪಟ್ಟಿಯಲ್ಲಿರುವ ಖಾಸಗಿ ಆಸ್ಪತ್ರೆಗೆ ಹೋದರೆ ಬಿಲ್ಲು ಯೋಜನೆಯ ಲೆಕ್ಕಕ್ಕೆ ಹೋಗುತ್ತದೆ. ಆ ಹಾಳೆಗೆ ಏನನ್ನೋಣ?

ಈಗ ‘ಶಿಫಾರಸು ಇಲ್ಲದೆ ಹೊರಗಿನ ಚಿಕಿತ್ಸೆ ಇಲ್ಲ’ ಎಂದಿದೆ. ಹೋದ ವಾರ ಒಬ್ಬ ಅಜ್ಜಿ, ಸುಬೇದಾರರ ಹೆಂಡತಿ, ಅದನ್ನು ಓದಿ ಸುಮ್ನೆ ವಾಪಸು ಹೋದರು. ಎರಡು ದಿನ ಬಿಟ್ಟು ಎಮ್ಮೆಲ್ಲೆಯ ಶಿಫಾರಸು ಕಾಗದ ತಂದರು. ಪ್ಲಾಸ್ಟಿಕ್ ಕವರಿನಲ್ಲಿ, ಒಂದು ಮಡಿಕೆ ಬೀಳದ ಹಾಗೆ.

*

ಶಿಫಾರಸು ಪಾರಸಿ. ತೆಗೆಯಿರಿ. ಕಳಿಸು, ಓಲೆ: ಕಳಿಸೋಲೆ. ‘ಮಾಜಿ’ ಅರಬ್ಬಿ, ಅದನ್ನೂ ತೆಗೆದು ‘ಹಳೆಪಡೆಯವರು’ ಎಂದು ಬರೆಸಿ.

*

> ಕಳಿಸೋಲೆ

ಕಿವಿಯ ಓಲೆ ಕೊರಿಯರ್‌ನಲ್ಲಿ ಬಂದಿದೆ ಅಂದುಕೊಳ್ಳುತ್ತಾರೆ ಸ್ವಾಮಿ! ಒಬ್ಬ ಹವಾಲ್ದಾರರ ಎದುರು ನಿಂತು ‘ಹಳೆಪಡೆ’ ಅನ್ನಿ ನೋಡೋಣ. ಹವಾಲ್ದಾರ, ಸುಬೇದಾರ ಎರಡೂ ಅರಬ್ಬಿ-ಪಾರಸಿ ಕಡೆಯವೇ, ಅವರ ಪಿಂಚಣಿ ಪುಸ್ತಕದಿಂದ ಅದನ್ನೂ ಅಳಿಸಿಬಿಡ್ತೀರಾ? ನಮ್ಮ ಬೆಳಗಾವಿ ಕಡೆ ಆಸ್ಪತ್ರೆಗೇ ದವಾಖಾನಿ ಅಂತೀವಿ, ಯಾರಿಗೂ ಜ್ವರ ಜಾಸ್ತಿ ಆಗಿಲ್ಲ. ‘ಚೀಟಿ’ ಅನ್ನಿ, ಮುಗೀತು.

*

ಚೀಟಿ ಹಿಂದಿಯಿಂದ ಬಂದದ್ದು. ಆಸ್ಪತ್ರೆಯ ಮಾತು ಬೇರೆ, ಅದು ಕನ್ನಡದ ಬಾಯಿಗೆ ಒಗ್ಗಿದೆ.

*

ಪರಂಗಿಯವರ ‘ಹಾಸ್ಪಿಟಲ್’ ಆಸ್ಪತ್ರೆಯಾಗಿ ಒಗ್ಗುತ್ತದೆ, ಪಕ್ಕದ ಮನೆಯದ್ದು ಒಗ್ಗಲ್ಲ, ಅಲ್ವಾ? ಆ ಚೀಟಿಯನ್ನೇ ಇಂಗ್ಲಿಷರು ‘ಚಿಟ್’ ಅಂತ ಹೊತ್ತುಕೊಂಡು ಹೋದರು. ಅವರಿಗಿಲ್ಲದ ಮಡಿ ನಿಮಗ್ಯಾಕೆ?

*

ಕೇಳಿದವನು ನಾನೇ. ಜಗಳ ಆಮೇಲೆ ಆಡಿ, ಪೇಂಟರ್‌ಗೆ ಅಡ್ವಾನ್ಸ್ ಕೊಟ್ಟಾಗಿದೆ. ಬರೀ ‘ಚೀಟಿ’ ಅಂದರೆ ಸಾಲದು, ಕ್ಯೂ ನಂಬರಿನ ತುಂಡು ಕಾಗದಕ್ಕೂ ಇಲ್ಲಿ ಚೀಟಿ ಅಂತಾರೆ. ಕೌಂಟರಿನ ಹುಡುಗಿಯನ್ನು ಕೇಳಿದೆ, ದಿನಕ್ಕೆ ನೂರು ಸಲ ಏನಂತೀಯಮ್ಮಾ ಅಂತ. ‘ರೆಫರಲ್ ಮಾಡಿಸ್ಕೊಂಡು ಬನ್ನಿ ಅಂತೀನಿ ಸಾರ್, ಎಲ್ಲರಿಗೂ ಗೊತ್ತಾಗತ್ತೆ’ ಅಂದಳು. ಹಾಗಾಗಿ ಹೀಗೆ ಬರೆಸುತ್ತಿದ್ದೇನೆ:

‘ಹೊರಗಿನ ಆಸ್ಪತ್ರೆಗೆ ಹೋಗುವ ಮೊದಲು ಇಲ್ಲಿನ ಡಾಕ್ಟರಿಂದ ರೆಫರಲ್ ಚೀಟಿ ಬರೆಸಿಕೊಳ್ಳಿ. ತುರ್ತು ಇದ್ದರೆ ಚೀಟಿ ಬೇಡ, ನೇರ ಹೋಗಿ.’

ಎರಡನೇ ಸಾಲು ಕೆಂಪಲ್ಲಿ. ಹಳೇ ಬೋರ್ಡಿನಲ್ಲಿ ಅದು ಇರಲೇ ಇಲ್ಲ. ಇನ್ನೊಂದೇ ಅನುಮಾನ. ರೆಫರಲ್‌ನ ‘ಫ’ ಕೆಳಗೆ ಎರಡು ಚುಕ್ಕೆ ಇಡಬೇಕಾ? ಪೇಂಟರ್ ಕೇಳುತ್ತಿದ್ದಾನೆ.

*

ಚುಕ್ಕೆ ಬೇಡ. ಪದವೇ ಬೇಡ.