ಹಕ್ಕಿಗೆ ಅಂತಲೇ ಹಣ್ಣಿನ ಗಿಡ ಹಾಕಬೇಕು, ಯಾವುದು ಒಳ್ಳೇದು? (ತಿಪಟೂರು ಕಡೆ, 10 ಗುಂಟೆ)

ತೆಂಗಿನಗರಿ:
ಎಲ್ಲರಿಗೂ ನಮಸ್ಕಾರ. ನಮ್ಮದು ತಿಪಟೂರು ಕಡೆ ತೆಂಗಿನ ತೋಟ. ತೋಟದ ಪಕ್ಕ, ಕೆರೆ ಏರಿಗೆ ಹತ್ತಿರ ಸುಮಾರು 10 ಗುಂಟೆ ಕೆಮ್ಮಣ್ಣಿನ ಜಾಗ ಸುಮ್ನೆ ಬಿದ್ದಿದೆ. ರಾಗಿ ಹಾಕಿದರೂ ಹುಟ್ಟುವಳಿ ಅಷ್ಟಕ್ಕಷ್ಟೇ. ಅದನ್ನ ಹಕ್ಕಿಗಳಿಗೇ ಬಿಡೋಣ ಅಂತ ಮನೆಯಲ್ಲಿ ಮಾತಾಗಿದೆ. ಅಪ್ಪನದು ಒಂದೇ ಷರತ್ತು, ಕೋತಿ ಕರೆಸೋ ಕೆಲಸ ಮಾಡಬೇಡ ಅಂತ. ನರ್ಸರಿಯವರು ಮಾವು, ಸಪೋಟ, ಸೀಬೆ, ಬೆಣ್ಣೆಹಣ್ಣು ಅಂತ ಕಸಿ ಗಿಡಗಳ ಪಟ್ಟಿ ಕೊಟ್ಟರು, ಜೊತೆಗೆ ಗೋಡಂಬಿ, ಬಾದಾಮಿ ಹಾಕಿದರೆ ಅಳಿಲು ಬರುತ್ತವೆ ಅಂದರು. ಹಕ್ಕಿಗೆ ಕಸಿ ಗಿಡ ಬೇಕಾ? ಎರಡು ಬೇಸಿಗೆ ಡ್ರಿಪ್ ಎಳೆದು ನೀರು ಕೊಡಬಹುದು, ಆಮೇಲೆ ಮಳೆಯೇ ಗತಿ.

ಕುಟ್ರುಹಕ್ಕಿ:
ಆ ಪಟ್ಟಿ ಮಡಚಿಡಿ, ಅದು ಮಾರೋದಕ್ಕೆ ಹಣ್ಣು ಬೆಳೆಯೋರದ್ದು. ಕುಟ್ರು, ಪಿಕಳಾರ, ಕೋಗಿಲೆಗೆ ಬೇಕಿರೋದು ಇಡಿಯಾಗಿ ನುಂಗೋಕೆ ಆಗುವಂಥ ಸಣ್ಣ ಹಣ್ಣು, ಅದೂ ಮೆತ್ತಗೆ ಇರಬೇಕು.

ಮೊದಲು ಅತ್ತಿ, ಬಸರಿ, ಗೋಣಿ, ಆಲ ನೋಡಿ, ನಾಲ್ಕೂ ಒಂದೇ ಅತ್ತಿ ಕುಲದ ಮರಗಳು. ಇವು ಮಾವಿನ ಹಾಗೆ ಎಲ್ಲ ಒಂದೇ ಕಾಲಕ್ಕೆ ಹಣ್ಣು ಬಿಡೋದಿಲ್ಲ. ಒಂದು ಮರದಲ್ಲಿ ಮುಗಿಯೋ ಹೊತ್ತಿಗೆ ಇನ್ನೆಲ್ಲೋ ಇನ್ನೊಂದು ಶುರುವಾಗುತ್ತೆ, ಹಾಗಾಗಿ ಬೇರೇನೂ ಸಿಗದ ತಿಂಗಳಲ್ಲೂ ಹಕ್ಕಿ ಹೊಟ್ಟೆ ತುಂಬುತ್ತೆ. ಹೀಗೆ ಬೇರೆ ಬೇರೆ ಕಾಲಕ್ಕೆ ಬಿಡೋಕೆ ಕಾರಣ ಹಣ್ಣಿನ ಒಳಗಿರೋ ಹುಳ. ಅತ್ತಿಹಣ್ಣು ಬಿಡಿಸಿ ನೋಡಿದವರಿಗೆ ಗೊತ್ತಿರುತ್ತೆ, ಒಳಗೆಲ್ಲ ಸಾಸಿವೆಗಿಂತ ಚಿಕ್ಕ ಕಣಜಗಳು. ಅತ್ತಿಯ ಹೂ ಕಾಯಿಯೊಳಗೇ ಇರೋದರಿಂದ ಪರಾಗ ಸಾಗಿಸೋದು ಅವೇ. ಆ ಕಣಜ ಬದುಕೋದು ಕೆಲವೇ ದಿನ, ಅಷ್ಟರಲ್ಲಿ ಅದಕ್ಕೆ ಮೊಟ್ಟೆ ಇಡೋಕೆ ಇನ್ನೊಂದು ಮರದಲ್ಲಿ ಎಳೆಕಾಯಿ ಸಿಗಬೇಕು. ಎಲ್ಲ ಮರ ಒಟ್ಟಿಗೆ ಬಿಟ್ಟು ಒಟ್ಟಿಗೆ ಮುಗಿಸಿದರೆ ಅದರ ಕಥೆ ಮುಗಿದ ಹಾಗೇ ಅಲ್ವಾ.

ನಿಮ್ಮದು ಕೆರೆ ಪಕ್ಕ, ಅತ್ತಿಗೆ ಹೇಳಿ ಮಾಡಿಸಿದ ಜಾಗ. ಆದರೆ ಏರಿ ಮೇಲೆ ಹಾಕಬೇಡಿ, ಬೇರು ಏರಿಯನ್ನ ಸೀಳುತ್ತೆ. 10 ಗುಂಟೆಗೆ ದೊಡ್ಡ ಮರ ಎರಡೇ ಸಾಕು, ತೆಂಗಿನಿಂದ, ಪಕ್ಕದವರ ಬದುವಿನಿಂದ ದೂರ ಇಡಿ. ಇಲ್ಲದಿದ್ದರೆ ನೆರಳು ಬಿದ್ದು ನಮ್ಮ ರಾಗಿ ಹೋಯಿತು ಅಂತ ಪಂಚಾಯಿತಿ ತನಕ ಹೋಗುತ್ತೆ. ಉಳಿದ ಜಾಗಕ್ಕೆ ನೇರಳೆ, ಬೇವು, ಎಲಚಿ. ಬೇವು, ನೇರಳೆ ಮುಂಗಾರಿನ ಆಸುಪಾಸು ಹಣ್ಣಾಗುತ್ತೆ, ಎಲಚಿ ಚಳಿಗಾಲಕ್ಕೆ. ಬೇಲಿಗೆ ಕವಳೆ ಹಾಕಿ, ಮುಳ್ಳಿಗೆ ಮೇಕೆ ಒಳಗೆ ಬರಲ್ಲ, ಬೇಸಿಗೆಯಲ್ಲಿ ಹಣ್ಣೂ ಸಿಗುತ್ತೆ. ಎಲ್ಲಾ ನಾಟಿ ಗಿಡವೇ ಇರಲಿ. ಅರಣ್ಯ ಇಲಾಖೆ ನರ್ಸರಿಯಲ್ಲಿ ಕೇಳಿ, ರಿಯಾಯಿತಿ ದರಕ್ಕೆ ಕೊಡುತ್ತಾರೆ. ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆ ಅಂತ ಇದೆ, ಬದುಕಿ ಉಳಿದ ಗಿಡಕ್ಕೆ ಮೂರು ವರ್ಷ ದುಡ್ಡು ಬರುತ್ತೆ. ಯಾವ ಜಾತಿಗೆ ಅನ್ನೋದನ್ನ ವಲಯ ಕಚೇರಿಯಲ್ಲೇ ವಿಚಾರಿಸಿ.

ಬೆಂಗಳೂರು_ಬಾಲ್ಕನಿ:
ಇಷ್ಟೆಲ್ಲಾ ಯಾಕೆ, ಗಸಗಸೆ ಹಣ್ಣಿನ ಮರ ಹಾಕಿ ಸಾರ್. ಸಿಂಗಾಪುರ ಚೆರ್ರಿ ಅಂತಾರಲ್ಲ ಅದು. ಬಲು ಬೇಗ ಹಣ್ಣಿಗೆ ಬರುತ್ತೆ, ವರ್ಷವಿಡೀ ಬಿಡುತ್ತೆ. ನಮ್ಮ ರಸ್ತೆಯಲ್ಲಿ ಒಂದಿದೆ, ಬೆಳಗ್ಗೆ ಪಿಕಳಾರ, ಮಧ್ಯಾಹ್ನ ಸ್ಕೂಲ್ ಮಕ್ಕಳು, ರಾತ್ರಿ ಬಾವಲಿ. ಪಾಳಿ ಹಾಕಿಕೊಂಡು ಬರುತ್ತಾರೆ.

ಕುಟ್ರುಹಕ್ಕಿ:
ಒಂದು ಹಾಕಲಿ, ಬೇಡ ಅನ್ನಲ್ಲ. ಅತ್ತಿ ದೊಡ್ಡದಾಗೋ ತನಕ ಹಕ್ಕಿಗೆ ಜಾಗ ಪರಿಚಯ ಆಗುತ್ತೆ. ಆದರೆ ಅದು ಅಮೆರಿಕ ಖಂಡದ ಮರ, ಹಕ್ಕಿ ಹಿಕ್ಕೆ ಹಾಕಿದ ಕಡೆಯೆಲ್ಲಾ ಹುಟ್ಟುತ್ತೆ. ಲಂಟಾನ ಕಾಡು ತುಂಬಾ ಹರಡಿದ್ದೂ ಹೀಗೇ ಅಲ್ವಾ? ಅದೇ ಹಕ್ಕಿ ಬೇಲಿಸಾಲಲ್ಲಿ ಬೇವು, ಶ್ರೀಗಂಧವನ್ನೂ ಪುಕ್ಕಟೆ ಬಿತ್ತಿ ಹೋಗುತ್ತೆ, ಕೂರೋಕೆ ಒಂದು ಕೊಂಬೆ ಇದ್ದರೆ ಸಾಕು.

ಸಕಲೇಶಪುರದವ:
ಹಲಸಿನ ಹೆಸರು ಯಾರೂ ಎತ್ತಲಿಲ್ಲ, ಒಳ್ಳೇದಾಯಿತು. ನಮ್ಮ ಕಡೆ ಕಾಫಿ ತೋಟಕ್ಕೆ ಆನೆ ಬರೋದೇ ಹಲಸಿನ ವಾಸನೆಗೆ. ಎಷ್ಟೋ ಜನ ಹಣ್ಣಾಗೋ ಮೊದಲೇ ಕಾಯಿ ಇಳಿಸಿಬಿಡುತ್ತಾರೆ. ನಿಮಗೆ ಆನೆ ಕಾಟ ಇಲ್ಲದಿರಬಹುದು, ಆದರೆ ಪಕ್ಕದ ಅರಸೀಕೆರೆ ಕಡೆ ಕರಡಿ ಇದೆ. ಕರಡಿಗೆ ಹಲಸು, ಸೀತಾಫಲ, ಎಲಚಿ ಎಲ್ಲಾ ಇಷ್ಟ. ನಿಮ್ಮೂರ ಹತ್ತಿರ ಓಡಾಟ ಇದ್ದರೆ ಎಲಚಿಯನ್ನೂ ಮನೆಯಿಂದ, ಕಾಲುದಾರಿಯಿಂದ ದೂರ ಹಾಕಿ. ಹಕ್ಕಿಗೆ ಅಂತ ಹಾಕಿದರೂ ಹಣ್ಣಿನ ಮೇಲೆ ಹೆಸರು ಬರೆದಿರಲ್ಲ.

ಕೋತಿ ವಿಷಯ ಅಪ್ಪನಿಗೆ ಈಗಲೇ ಹೇಳಿಬಿಡಿ. ಅತ್ತಿ, ಆಲದ ಹಣ್ಣನ್ನೂ ಕೋತಿ ತಿನ್ನುತ್ತೆ. ಊರಲ್ಲಿ ಹಿಂಡು ಇದ್ದರೆ ಬಂದೇ ಬರುತ್ತೆ. ಮಾವು, ಸೀಬೆ, ಸಪೋಟ ಹಾಕದಿದ್ದರೆ ಸ್ವಲ್ಪ ಕಡಿಮೆಯಾಗಬಹುದು ಅಷ್ಟೇ. ಇನ್ನು ಆ ನರ್ಸರಿಯವರ ಬಾದಾಮಿ, ನಾವು ತಿನ್ನೋ ಬಾದಾಮಿ ನಮ್ಮ ಹವೆಗೆ ಬರಲ್ಲ, ಅವರು ಕೊಡೋದು ಕಾಡುಬಾದಾಮಿ. ಬಾವಲಿ ಮೇಲಿನ ತಿರುಳು ತಿಂದು ಕಾಯಿ ಬೀಳಿಸಿ ಹೋಗುತ್ತೆ. ತೆಂಗಿನ ತೋಟ ಇಟ್ಟುಕೊಂಡು ಅಳಿಲನ್ನ ಬೇರೆ ಕರೆಸಬೇಕಾ ಮಾರಾಯ್ರೇ, ಎಳೆಕಾಯಿ ಕೊರೆದು ಹಾಕೋದು ಸಾಲದಾ?

ತೆಂಗಿನಗರಿ:
ಎಲ್ಲರಿಗೂ ಥ್ಯಾಂಕ್ಸ್. ಅಳಿಲು ಕ್ಯಾನ್ಸಲ್ 😄 ಬಾವಲಿ ಬಂದರೆ ನಿಫಾ ಬರುತ್ತಾ ಅಂತ ಅಮ್ಮ ಕೇಳ್ತಿದ್ದಾರೆ. ಮತ್ತೆ ನಮ್ಮ ಗುಂಡುತೋಪಲ್ಲಿ ಹಳೇ ಗೋಣಿಮರ ಇದೆ, ಅದರ ಕೊಂಬೆ ನೆಟ್ಟರೆ ಬರುತ್ತಾ?

ಕುಟ್ರುಹಕ್ಕಿ:
2018ರಲ್ಲಿ ಕೋಯಿಕ್ಕೋಡ್‌ನಲ್ಲಿ ನಿಫಾ ಬಂದಾಗಿಂದ ಎಲ್ಲರಿಗೂ ಈ ಭಯ. ಕಚ್ಚಿ ಬಿದ್ದ ಹಣ್ಣು ಯಾರೂ ತಿನ್ನಬೇಡಿ, ದನಕ್ಕೂ ಹಾಕಬೇಡಿ, ಕುಡಿಯೋ ನೀರಿನ ತೊಟ್ಟಿ ಮುಚ್ಚಿಡಿ. ಅದಕ್ಕೆ ಹೆದರಿ ಮರ ಕಡಿಯೋದು, ಬಾವಲಿ ಓಡಿಸೋದು ಬೇಡ.

ಗೋಣಿ ಕೊಂಬೆಯಿಂದ ಬರುತ್ತೆ. ತೋಳು ದಪ್ಪ, ಆಳೆತ್ತರದ ಗೂಟ ಕಡಿದು ಎರಡಡಿ ಗುಂಡಿಯಲ್ಲಿ ನೆಡಿ, ಮಣ್ಣು ಚೆನ್ನಾಗಿ ತುಳಿದು ಗಟ್ಟಿ ಮಾಡಿ. ಮೇಲಿನ ತುದಿಗೆ ಸಗಣಿ ಮೆತ್ತಿ, ಇಲ್ಲದಿದ್ದರೆ ಬಿಸಿಲಿಗೆ ಒಣಗಿ ಬಿರಿಯುತ್ತೆ. ಬುಡ ಯಾವುದು, ತುದಿ ಯಾವುದು ಅಂತ ಕಡಿಯುವಾಗಲೇ ಗುರುತು ಹಾಕಿ. ಚಿಗುರಿದರೂ ಅಲ್ಲಾಡಿಸಿ ನೋಡಬೇಡಿ, ಬೇರು ಬಿಡೋ ಮೊದಲೇ ಕೊಂಬೆಯೊಳಗೆ ಉಳಿದಿರೋ ಸತ್ವಕ್ಕೆ ಚಿಗುರಿರುತ್ತೆ. ಈಗಲೇ ಕಡಿಯಬೇಡಿ, ಒಂದೆರಡು ಒಳ್ಳೆ ಮಳೆ ಬೀಳಲಿ. ಗುಂಡುತೋಪು ಊರಿನ ಆಸ್ತಿ, ಪಂಚಾಯಿತಿಯಲ್ಲಿ ಕೇಳಿಯೇ ಕಡಿಯಿರಿ.