ಸ್ಕ್ಯಾನ್‌ನಲ್ಲಿ ಹೊಟ್ಟೆಯೊಳಗೆ ಗಂಟುಗಳಿವೆ, ಅಪೆಂಡಿಕ್ಸ್ ಕಾಣಿಸಿಲ್ಲ ಅಂತಿದೆ. ನಿಶ್ಚಿಂತೆಯಿಂದ ಇರಬಹುದಾ?

ಪ್ರಶ್ನೆ:
9 ವರ್ಷದ ಹುಡುಗ, 25 ಕೆ.ಜಿ. ನಿನ್ನೆಯಿಂದ ಬಲಗಡೆ ಕೆಳಹೊಟ್ಟೆ ನೋವು, 100 ಡಿಗ್ರಿ ಜ್ವರ. ರಿಪೋರ್ಟಿನಲ್ಲಿ ‘ಮೆಸೆಂಟೆರಿಕ್ ಲಿಂಫ್ ನೋಡ್‌ಗಳು (ಕರುಳಿನ ಪೊರೆಯಲ್ಲಿರುವ ಗಂಟುಗಳು) ಊದಿವೆ, ದೊಡ್ಡದು 11 ಮಿ.ಮೀ., ಅಪೆಂಡಿಕ್ಸ್ ಕಾಣಿಸಲಿಲ್ಲ’ ಎಂದಿದೆ. ಅಪೆಂಡಿಸೈಟಿಸ್ (ಕರುಳಿನ ಬಾಲದಂಥ ಅಪೆಂಡಿಕ್ಸ್‌ನ ಊತ) ಅಲ್ಲ ಅಂತ ತಾನೇ? ಮನೆಯಲ್ಲಿ ಹಿರಿಯರು ಹರಳೆಣ್ಣೆ ಕುಡಿಸಿ ಅಂತಿದ್ದಾರೆ.

ಉತ್ತರ 1:
ಹರಳೆಣ್ಣೆ ಖಂಡಿತ ಬೇಡ ಸರ್, ಎನಿಮಾನೂ ಬೇಡ. ಊದಿಕೊಂಡ ಅಪೆಂಡಿಕ್ಸ್ ಇದ್ದರೆ ಭೇದಿ ಔಷಧಿಯಿಂದ ಅದು ಒಡೆಯುವ ಅಪಾಯ ಇದೆ.

‘ಕಾಣಿಸಲಿಲ್ಲ’ ಅಂದರೆ ‘ಚೆನ್ನಾಗಿದೆ’ ಅಂತಲ್ಲ. ಗ್ಯಾಸ್ ಅಡ್ಡ ಬಂದರೂ, ದೊಡ್ಡ ಕರುಳಿನ ಹಿಂದೆ ಮರೆಯಾಗಿದ್ದರೂ ಕಾಣುವುದಿಲ್ಲ. ಪೂರ್ತಿ ಕಂಡು, ದಪ್ಪ 6 ಮಿ.ಮೀ. ಒಳಗಿದ್ದು, ಸ್ಕ್ಯಾನ್ ಮಾಡುವ ಪ್ರೋಬ್ ಒತ್ತಿದಾಗ ಚಪ್ಪಟೆಯಾದರೆ ಮಾತ್ರ ಸಮಾಧಾನ. ಗಂಟಿನ 11 ಮಿ.ಮೀ. ಉದ್ದವೋ ಅಗಲವೋ ಕೇಳಿ. ಮಕ್ಕಳಲ್ಲಿ ಅಗಲ 8 ದಾಟಿದರೆ ಸಾಮಾನ್ಯವಾಗಿ ಊದಿದೆ ಎನ್ನುತ್ತಾರೆ. ಆದರೆ ಅಪೆಂಡಿಕ್ಸ್ ಊದಿದಾಗಲೂ ಪಕ್ಕದ ಗಂಟುಗಳು ಊದುತ್ತವೆ. ಗಂಟು ಸಿಕ್ಕಿತು ಅಂತ ಅಲ್ಲಿಗೇ ನಿಲ್ಲಿಸುವುದು ದೊಡ್ಡ ತಪ್ಪು. ನೋವು ಮೊದಲು ಎಲ್ಲಿ ಶುರುವಾಯ್ತು? ಊಟ ಸೇರುತ್ತಿದೆಯಾ?

ಪ್ರಶ್ನೆ ಕೇಳಿದವರು:
ಹೊಕ್ಕುಳ ಹತ್ತಿರ ಶುರುವಾಗಿ ರಾತ್ರಿ ಬಲಗಡೆಗೆ ಇಳಿಯಿತು. ನಿನ್ನೆಯಿಂದ ಒಂದು ತುತ್ತೂ ಬೇಡ ಅಂತಾನೆ.

ಉತ್ತರ 2:
ಹಾಗಾದರೆ ಇವತ್ತೇ ಸರ್ಜನ್‌ಗೆ ತೋರಿಸಿ. ಅಪೆಂಡಿಸೈಟಿಸ್ ಸಾಧ್ಯತೆ ಅಳೆಯುವ 10 ಅಂಕಗಳ ಅಲ್ವರಾಡೋ ಲೆಕ್ಕದಲ್ಲಿ ನೋವು ಸ್ಥಳ ಬದಲಿಸಿದ್ದಕ್ಕೆ 1, ಹಸಿವಿಲ್ಲದ್ದಕ್ಕೆ 1, ಜ್ವರಕ್ಕೆ 1. ಒತ್ತಿದಾಗ ಬಲಗಡೆ ನೋಯುತ್ತಿದ್ದರೆ 2. ಆಗಲೇ 10ಕ್ಕೆ 5 ಆಯ್ತು. ರಕ್ತದಲ್ಲಿ ಬಿಳಿ ಕಣ 10,000 ದಾಟಿದ್ದರೆ ಇನ್ನೂ 2 ಸೇರಿ 7. ಅಷ್ಟಿದ್ದರೆ ಅಪೆಂಡಿಸೈಟಿಸ್ ಸಾಧ್ಯತೆ ಹೆಚ್ಚು.

ಒಂಟಿ ಕಾಲಲ್ಲಿ ಕುಪ್ಪಳಿಸಲು ಹೇಳಿ. ಹೊಟ್ಟೆ ಹಿಡಿದು ಬಾಗಿ ನಿಂತರೆ ಹೊಟ್ಟೆಯ ಒಳಪದರಕ್ಕೆ ಉರಿಯೂತ ತಗುಲಿರಬಹುದು. ಗಂಡು ಮಗು, ವೃಷಣವನ್ನೂ ನೋಡಲು ಹೇಳಿ. ಅದು ತಿರುಚಿಕೊಂಡರೂ ಹೊಟ್ಟೆ ನೋವೇ ಬರುತ್ತದೆ. ಆಪರೇಷನ್ ಬೇಕಾಗಬಹುದು, ಆದ್ದರಿಂದ ಊಟ ಕೊಡದೆ ಹೊರಡಿ. ನೋವಿನ ಔಷಧಿ ಕೊಟ್ಟರೆ ರೋಗ ಮುಚ್ಚಿಹೋಗುತ್ತದೆ ಅನ್ನುವುದು ಹಳೆಯ ಭಯ. ಏನು, ಎಷ್ಟು, ಯಾವಾಗ ಕೊಟ್ಟಿರಿ ಅಂತ ಬರೆದುಕೊಂಡು ಹೋದರೆ ಸಾಕು.

ಉತ್ತರ 3:
ಒಂದು ಮಾತು ಸೇರಿಸುತ್ತೇನೆ. ಇದ್ದಕ್ಕಿದ್ದಂತೆ ನೋವು ಇಳಿದರೆ ವಾಸಿಯಾಯ್ತು ಅಂತ ಮನೆಯಲ್ಲಿ ಉಳಿಯಬೇಡಿ. ಅಪೆಂಡಿಕ್ಸ್ ಒಡೆದಾಗ ಒಳಗಿನ ಒತ್ತಡ ಇಳಿದು ಕೆಲವು ಗಂಟೆ ಹಗುರ ಅನ್ನಿಸುತ್ತದೆ. ಆಮೇಲೆ ಹೊಟ್ಟೆಯೆಲ್ಲ ನೋವು, ಹಲಗೆಯಂತೆ ಬಿಗಿ, ಜೋರು ಜ್ವರ. ಕೀವು ಒಂದೆಡೆ ಕಟ್ಟಿಕೊಂಡರೆ ಸ್ಕ್ಯಾನ್ ನೋಡಿಕೊಂಡು ಟ್ಯೂಬ್ ಹಾಕಿ ತೆಗೆದು, ಡ್ರಿಪ್‌ನಲ್ಲಿ ಆಂಟಿಬಯಾಟಿಕ್ ಕೊಡುತ್ತಾರೆ. ಆಪರೇಷನ್ ಬೇಕೆಂದರೆ ಸಾಮಾನ್ಯವಾಗಿ 6ರಿಂದ 8 ವಾರ ಬಿಟ್ಟು.

ಪರೀಕ್ಷೆಯ ನಂತರ ಬರೀ ಗಂಟಿನ ಊತ ಅಂತಾದರೆ ಹೆಚ್ಚಾಗಿ ವೈರಸ್ಸೇ ಕಾರಣ, ಆಂಟಿಬಯಾಟಿಕ್ ಬೇಕಾಗುವುದು ಅಪರೂಪ. ನೀರು, ಗಂಜಿ, ವಿಶ್ರಾಂತಿ, ಪ್ಯಾರಾಸಿಟಮಾಲ್ ಸಾಕು. ಒಂದು ಕೆ.ಜಿ. ತೂಕಕ್ಕೆ 15 ಮಿ.ಗ್ರಾಂ.ನಂತೆ 25 ಕೆ.ಜಿ.ಗೆ ಒಂದು ಸಲಕ್ಕೆ 375 ಮಿ.ಗ್ರಾಂ.; 5 ಮಿ.ಲೀ.ಗೆ 250 ಇರುವ ಸಿರಪ್ಪಾದರೆ 7.5 ಮಿ.ಲೀ., 6 ಗಂಟೆಗೊಮ್ಮೆ. ಬಾಟಲಿ ಮೇಲೆ 125 ಇದೆಯೋ 250 ಇದೆಯೋ ನೋಡಿಯೇ ಅಳೆಯಿರಿ. ನೋವು 4 ವಾರ ದಾಟಿದರೆ, ತೂಕ ಇಳಿದರೆ, ಸಂಜೆ ಜ್ವರ ಬಂದರೆ ಟಿಬಿ ಪರೀಕ್ಷೆ ಕೇಳಿ.